ಖರಜ, ಗುಮ್ಮಟ ಮತ್ತು ಒಂದು ಬೇಸ್ ಗಿಟಾರು

ಹೋದ ಶ್ರಾವಣದಾಗ ನಮ್ಮ ವಾಚನಾಲಯದಲ್ಲಿ ಒಂದು ಸಂಜೆ ಬೇಸ್ ಗಿಟಾರು ಬಾರಿಸಿದ್ದರ ಬಗ್ಗೆ ಊರಾಗ ಇನ್ನೂ ಮಾತು ನಿಂತಿಲ್ಲ. ಬಾರಿಸಿದವ ನಮ್ಮೂರ ಹುಡುಗನೇ. ಹಗಲು ಇಚಲಕರಂಜಿಯಲ್ಲಿ ಮಗ್ಗದ ಕೆಲಸ, ಲಗ್ನದ ಹಂಗಾಮಿನಲ್ಲಿ ಆರ್ಕೆಸ್ಟ್ರಾದವರ ಸಂಗಾಟ ಬೇಸ್. ಅಂದು ಅವನ ಜೊತೆ ಹಾಡುವವರು ಯಾರೂ ಇರಲಿಲ್ಲ. ತಬಲಾ ಇಲ್ಲ, ಢೋಲಕಿ ಇಲ್ಲ. ಕಾಲ ಬಳಿ ಅರ್ಧ ಇಟ್ಟಿಗೆಯಷ್ಟು ಗಾತ್ರದ ಮೂರು ಡಬ್ಬಿ, ಪಕ್ಕದಲ್ಲಿ ಒಂದು ಸ್ಪೀಕರು, ಅಷ್ಟೇ. ನಡುವೆ ಮಾತಿಲ್ಲದೆ ಮೂರು ವಾದನ ಬಾರಿಸಿದ. ಮೊದಲನೆಯದು ಮುಗಿಯುವುದರೊಳಗೆ ಭಜನಿ ಮಂಡಳಿಯ ಹಿರಿಯರು ಎದ್ದರು. ಚಪ್ಪಲಿ ಮೆಟ್ಟುತ್ತ ಒಬ್ಬರು, "ರಾಗ ಇಲ್ಲ, ತಾಳ ಇಲ್ಲ, ಬರೇ ಹೂಂ ಅಂತೈತಿ" ಅಂದರು. ಹಿಂದೆ ಕುಂತ ಹುಡುಗರು ಮಾತ್ರ "ಮಸ್ತ್" ಅಂದರು. ಗುರೂಜಿಯೊಬ್ಬರು ನನ್ನ ಕಡೆ ತಿರುಗಿ, "ನೀವು ಸಂಗೀತದ ಬಗ್ಗೆ ಬರೀತೀರಲ್ಲ, ಇದಕ್ಕೇನಂತೀರಿ?" ಅಂತ ಕೇಳಿದರು. ಅಂದು ಸುಮ್ಮನಾದೆ. ಆಮೇಲೆ ತಿಂಗಳುಗಟ್ಟಲೆ ಇಂಥ ವಾದನಗಳನ್ನು ಹುಡುಕಿ ಕೇಳಿದೆ. ಈಗ ಹೇಳಬಹುದು: ಎದ್ದು ಹೋದವರದು ಅರ್ಧ ಖರೆ, ಮಸ್ತ್ ಅಂದವರದು ಅರ್ಧ ಸುಳ್ಳು.

ಮೊದಲು "ಬೇಸ್" ಅನ್ನೋ ಮಾತು. ನಮ್ಮ ಕಡೆ ಈ ಮಾತು ಮನೆಮನೆಗೆ ಬಂದದ್ದು ಡಾಲ್ಬಿಯ ಸಂಗಾಟ. ಗಣಪತಿ ವಿಸರ್ಜನೆಗೆ ಟ್ರಾಕ್ಟರಿನ ಮೇಲೆ ಗೋಡೆ ಕಟ್ಟಿದಂತೆ ಡಬ್ಬಿ ಪೇರಿಸಿ ತರುತ್ತಾರೆ. ಎದುರು ನಿಂತರೆ ಎದೆಗೂಡು ನಡುಗುತ್ತದೆ, ಅಡುಗೆಮನೆಯ ಹಲಗೆಯ ಮೇಲಿನ ತಾಟು ತಾವೇ ಬಾರಿಸಿಕೊಳ್ಳುತ್ತವೆ. (ಡಾಲ್ಬಿ ಎಂಬ ಹೆಸರಿನ ಕಂಪನಿ 1965ರಲ್ಲಿ ಶುರುವಾದದ್ದು ಟೇಪಿನ ಸುಸ್ ಸಪ್ಪಳ ಕಡಿಮೆ ಮಾಡಲಿಕ್ಕೆ. ಅದರ ಹೆಸರು ನಾವು ಇಟ್ಟದ್ದು ಇದಕ್ಕ! ಆ ಕಂಪನಿಗೂ ನಮ್ಮ ಟ್ರಾಕ್ಟರಿಗೂ ಸಂಬಂಧವೇ ಇಲ್ಲ.) ಹೀಗಾಗಿ ಬೇಸ್ ಅಂದರೆ ಹೊಡೆತ ಅಂತ ನಮ್ಮ ಕಿವಿ ಮೊದಲೇ ತೀರ್ಮಾನಿಸಿ ಕೂತಿದೆ. ಹೊಡೆತ ಬರದಿದ್ದರೆ ಹುಡುಗರಿಗೆ ಬೇಸರ, ಬಂದೀತು ಅಂತ ಹಿರಿಯರಿಗೆ ಭಯ. ಕೆಳಗಿನ ಸ್ವರವನ್ನು ಕೇಳಲಿಕ್ಕೆ ಅಂತ ಕೂತವರು ಆ ಸಂಜೆ ಕಡಿಮೆ.

ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡಲು ಬರುವ ಒಂದು ಲೆಕ್ಕ ಇಲ್ಲಿದೆ. ಬೇಸ್ ಗಿಟಾರಿಗೆ ನಾಲ್ಕು ದಪ್ಪ ತಂತಿ. ಎಲ್ಲಕ್ಕಿಂತ ಕೆಳಗಿನದನ್ನು ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಭಾಗಿಸಿದರೆ ಒಂದೊಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ನಮ್ಮ ವಾಚನಾಲಯದ ಕೋಣೆ ಅಷ್ಟು ಉದ್ದ ಇಲ್ಲ. ಅಂದರೆ ಒಂದು ಪೂರ್ತಿ ಅಲೆ ಒಳಗೆ ಹಿಡಿಸುವುದೇ ಇಲ್ಲ. ಅದು ಗೋಡೆ, ಕಿಟಕಿ, ಬೆಂಚು, ಕುಂತವರ ಮೈ, ಎಲ್ಲದರೊಳಗೂ ಹೊಕ್ಕು ಹೋಗುತ್ತದೆ. ಇಂಥ ಸ್ವರ ಬಾರಿಸುವವನ ಕೈಯಲ್ಲಿ ಜವಾಬ್ದಾರಿ ಜಾಸ್ತಿ. ಕೊಳಲು ತಪ್ಪಿದರೆ ಕಿವಿಗೆ ತಪ್ಪು, ಬೇಸ್ ತಪ್ಪಿದರೆ ಮೈಗೇ ತಪ್ಪು.

ಇನ್ನೊಂದು ಮಾತು, ಜಗಳಕ್ಕೆ ಬರುವ ಮುಂಚೆ. ಮೊಬೈಲಿನ ಸಣ್ಣ ಸ್ಪೀಕರಿಗೆ ಆ 41ರ ಅದುರು ಎಬ್ಬಿಸುವ ಶಕ್ತಿ ಇಲ್ಲ. ಅದರಲ್ಲಿ ಕೇಳುವುದು ಆ ಸ್ವರದ ಮೇಲೆ ಹುಟ್ಟುವ ಉಪಸ್ವರಗಳು ಮಾತ್ರ, ಉಳಿದದ್ದನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ. ಆ ಸಂಜೆಯ ರೆಕಾರ್ಡನ್ನು ಮೊಬೈಲಿನಲ್ಲಿ ಕೇಳಿ "ಏನೂ ಇಲ್ಲ ಅದರಾಗ" ಅಂದವರು ಒಂದು ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು.

ಈಗ ಆ ಮೂರು ಡಬ್ಬಿಯ ವಿಷಯ. ಒಂದು ಡಿಲೇ: ಬಾರಿಸಿದ್ದನ್ನು ಹಿಡಿದಿಟ್ಟು, ಒಂದು ಚಣ ಬಿಟ್ಟು, ಮತ್ತೆ ಮತ್ತೆ ಸಣ್ಣಗೆ ಹೇಳುತ್ತದೆ. ಇನ್ನೊಂದು ರಿವರ್ಬ್: ಬಾವಿಯೊಳಗೋ ಗುಡಿಯ ಗರ್ಭಗುಡಿಯೊಳಗೋ ಬಾರಿಸಿದಂತೆ ಸ್ವರಕ್ಕೆ ಜಾಗ ಕೊಡುತ್ತದೆ. ಮೂರನೆಯದು ಲೂಪರ್: ಕಾಲಿಂದ ಒತ್ತಿದರೆ ಒಂದು ತುಣುಕನ್ನು ಹಿಡಿದು, ನಿಲ್ಲಿಸು ಅನ್ನುವತನಕ ಸುತ್ತುತ್ತಲೇ ಇರುತ್ತದೆ. ಮೇಲೆ ಇನ್ನೊಂದು ಸಾಲು ಬಾರಿಸಬಹುದು, ಅದರ ಮೇಲೆ ಮತ್ತೊಂದು.

"ಇದು ಮಶೀನು ಬಾರಿಸಿದ್ದು, ಮನುಷ್ಯ ಬಾರಿಸಿದ್ದಲ್ಲ" ಅನ್ನುವ ಆಕ್ಷೇಪ ಇಲ್ಲಿಂದಲೇ ಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಮಿರಜಿಗೆ ಹೋಗಿ ತಂಬೂರಿ ಮಾಡುವ ಮನೆಯಲ್ಲಿ ಒಂದು ಗಂಟೆ ಕೂಡಿರಿ. (2024ರಲ್ಲಿ ಅಲ್ಲಿಯ ಸಿತಾರ, ತಂಬೂರಿಗಳಿಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿತು.) ಕುದುರೆಯ ಮೈಯನ್ನು ಕಾನಸಿನಿಂದ ಉಜ್ಜಿ ಉಜ್ಜಿ ಹದ ಮಾಡುತ್ತಾರೆ. ಆಮೇಲೆ ತಂತಿಗೂ ಕುದುರೆಗೂ ನಡುವೆ ಒಂದು ದಾರದ ಎಳೆ ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದ ಕೂಡಲೇ ಟಣ್ ಅನ್ನುತ್ತಿದ್ದ ತಂತಿ ಬಾಯಿ ಬಿಡುತ್ತದೆ. ಒಂದರ ಹಿಂದೊಂದು ಉಪಸ್ವರ ಅರಳಿ, ಬಾರಿಸದ ಗಾಂಧಾರವೂ ಕೇಳುತ್ತದೆ. ಇದಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಜವಾರಿ ಕೋಳಿಯ ಜವಾರಿ ಅಲ್ಲ ಮತ್ತೆ! ಆ ದಾರದ ಎಳೆ ಕರೆಂಟಿಲ್ಲದ ಡಬ್ಬಿಯೇ. ಕಿತ್ತು ಹಾಕಿದರೆ ತಂಬೂರಿಯಲ್ಲಿ ಮರ ಮತ್ತು ತಂತಿ ಮಾತ್ರ ಉಳಿಯುತ್ತದೆ. ದಾರವನ್ನು ಯಾರೂ ಮೋಸ ಅನ್ನಲಿಲ್ಲ, ಡಬ್ಬಿಗೇಕೆ ಅನ್ನಬೇಕು?

ಆದರೆ ಇದೇ ಮಾತು ಡಬ್ಬಿಯವರಿಗೂ ತಿರುಗಿ ತಗಲುತ್ತದೆ. ಜವಾರಿ ಬಿಡಿಸಿದ ತಂಬೂರಿಯ ಮುಂದೆ ಅಪಸ್ವರ ಹಾಡಿದರೆ ತಂಬೂರಿ ಮುಚ್ಚುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ. ಡಿಲೇ, ರಿವರ್ಬ್ ಡಬ್ಬಿಗಳ ಗುಣ ಉಲ್ಟಾ. ಅವು ಕ್ಷಮಿಸುತ್ತವೆ. ಏನು ಹಾಕಿದರೂ ಚೆಂದ ಮಾಡಿ ಕೊಡುತ್ತವೆ. ನಾವೆಲ್ಲ ಸಾಲಿಯ ಸಹಲಿನಲ್ಲಿ ವಿಜಾಪುರಕ್ಕೆ ಹೋದವರೇ. ಗೋಳಗುಮ್ಮಟದ ಮೆಟ್ಟಿಲು ಏದುಸಿರು ಬಿಡುತ್ತ ಹತ್ತಿ, ಒಳಸುತ್ತಿಗೆ ಬಂದ ಕೂಡಲೇ ಏನು ಮಾಡಿದೆವು? ಕೂಗಿದೆವು. ಚಪ್ಪಾಳೆ ಹೊಡೆದೆವು. ಗೆಳೆಯನ ಹೆಸರು ಕರೆದೆವು. ಗುಮ್ಮಟ ಅದನ್ನೇ ಸುತ್ತಿ ಸುತ್ತಿ ಹೇಳಿತು, ನಾವು ನಕ್ಕೆವು. ಐದು ನಿಮಿಷದ ಮೇಲೆ ಮಾಡಲಿಕ್ಕೆ ಏನೂ ಉಳಿಯಲಿಲ್ಲ, ಕೆಳಗಿಳಿದು ಬುತ್ತಿ ಬಿಚ್ಚಿದೆವು. ಡಬ್ಬಿ ಹಚ್ಚಿ ಬೇಸ್ ಬಾರಿಸುವ ಹೆಚ್ಚಿನವರು ಗುಮ್ಮಟದೊಳಗಿನ ಸಾಲಿ ಹುಡುಗರೇ. ಗುಮ್ಮಟ ಚಲೋ ಐತಿ, ಅದರೊಳಗ ನೀ ಏನು ಹೇಳತಿ?

ನಮ್ಮ ಹುಡುಗನ ಮೊದಲನೆಯ ವಾದನ ಇಂಥದ್ದೇ. ಒಂದು ಸ್ವರ ಮೀಟಿ, ಮೂರೂ ಡಬ್ಬಿ ತೆರೆದು, ಮೋಡ ಕವಿದಂತೆ ಮಾಡಿದ. ಮೋಡ ಚಂದವೇ ಇತ್ತು. ಒಳಗೆ ಮಳೆ ಇರಲಿಲ್ಲ. ಎದ್ದು ಹೋದವರು ತಪ್ಪು ಕಾರಣ ಹೇಳಿದರು, ಏಳುವ ಹೊತ್ತು ಮಾತ್ರ ತಪ್ಪಿರಲಿಲ್ಲ. ಎರಡನೆಯದರಲ್ಲಿ ಅವನಿಗೆ ಗೊತ್ತಿದ್ದ ಒಂದು ವಸ್ತು ಬಂತು. ತಂತಿಯನ್ನು ಅಂಗೈಯಿಂದ ಮುಚ್ಚಿ ಖಟಕ್ ಖಟಕ್ ಅಂತ ಬಾರಿಸಿ ಲೂಪರಿಗೆ ಕೊಟ್ಟ. 1904ರಲ್ಲಿ ಇಚಲಕರಂಜಿಗೆ ಮೊದಲ ಯಂತ್ರಮಗ್ಗ ಬಂದಾಗಿನಿಂದ ಆ ಊರಿನ ನಿದ್ದೆಯೊಳಗೂ ಇರುವ ಸಪ್ಪಳ ಅದು. ಮಗ್ಗ ತಾನೇ ಒಂದು ಲೂಪರು: ಲಾಳಿ ಅತ್ತ, ಲಾಳಿ ಇತ್ತ. ಸುತ್ತಿನ ಮೇಲೆ ಅವನು ಎಳೆದ ಉದ್ದ ಸ್ವರಗಳು ಒಂದೆರಡು ಕಡೆ ಮೈ ಜುಂ ಅನ್ನಿಸಿದವು. ಆದರೆ ಮಗ್ಗದ ಎದುರು ಎಂಟು ತಾಸು ನಿಲ್ಲುವವನಿಗೆ ಗೊತ್ತಿರುತ್ತದೆ, ದಾರ ಹರಿದಾಗಲೇ ಮಗ್ಗದ ಕಡೆ ಲಕ್ಷ್ಯ ಹೋಗುತ್ತದೆ. ಅವನ ಸುತ್ತಿನಲ್ಲಿ ದಾರ ಒಂದು ಸಲವೂ ಹರಿಯಲಿಲ್ಲ.

ಹಂಗಾದರೆ ಈ ಬಗೆಯ ವಾದನ ಚಲೋ ಬಾರಿಸಿದವರು ಇದ್ದಾರೋ? ಇದ್ದಾರೆ. ಅದಕ್ಕೆ ಮೊದಲು ಈ ಜಾತಿಯ ಸಂಗೀತ ಹೇಗೆ ಹುಟ್ಟಿತು ಅನ್ನುವುದನ್ನು ಒಂದು ಗುಟುಕಿನಲ್ಲಿ ಹೇಳುತ್ತೇನೆ. 1975ರಲ್ಲಿ ಇಂಗ್ಲೆಂಡಿನ ಬ್ರಯಾನ್ ಈನೋ ಎಂಬವರು ಅಪಘಾತವಾಗಿ ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿ ತಂತಿವಾದ್ಯದ ಒಂದು ರೆಕಾರ್ಡು ತಂದಿದ್ದಳು. ಆಕೆ ಹೋದ ಮೇಲೆ ಕಷ್ಟಪಟ್ಟು ಎದ್ದು ಅದನ್ನು ಹಚ್ಚಿ ಮಲಗಿದರೆ ಸಪ್ಪಳ ತೀರಾ ಸಣ್ಣದು, ಮತ್ತೆ ಎದ್ದು ದೊಡ್ಡದು ಮಾಡುವ ಶಕ್ತಿ ಇಲ್ಲ. ಹೊರಗೆ ಮಳೆ. ಮಳೆಯ ನಡುವೆ ಅಲ್ಲೊಂದು ಇಲ್ಲೊಂದು ಸ್ವರ ಮಾತ್ರ ಕೇಳಿತು. ಸಂಗೀತ ಮಳೆಯಂತೆ, ಬೆಳಕಿನಂತೆ ಕೋಣೆಯಲ್ಲಿ ಸುಮ್ಮನೆ ಇರಬಹುದಲ್ಲ ಅಂತ ಅವರಿಗೆ ಹೊಳೆದದ್ದು ಆವಾಗ. 1978ರಲ್ಲಿ ವಿಮಾನ ನಿಲ್ದಾಣಕ್ಕೆಂದು ಒಂದು ರೆಕಾರ್ಡು ಮಾಡಿ ಅದಕ್ಕೆ ಆ್ಯಂಬಿಯಂಟ್ ಎಂಬ ಹೆಸರು ಕೊಟ್ಟರು. ಸುತ್ತಲಿನ ಸಂಗೀತ ಅನ್ನೋಣ.

ಬೇಸಿನಲ್ಲಿ ನನಗೆ ಗುರುವಿನಂತೆ ಕಂಡವರು ಜರ್ಮನಿಯ ಎಬರ್‌ಹಾರ್ಡ್ ವೇಬರ್. 1940ರಲ್ಲಿ ಹುಟ್ಟಿದವರು. ತಂದೆಯಿಂದ ಚೆಲ್ಲೋ ಎಂಬ ಕಮಾನಿನ ವಾದ್ಯ ಕಲಿತು, ಆಮೇಲೆ ಆಳೆತ್ತರದ ಡಬಲ್ ಬೇಸಿಗೆ ಬಂದರು. 1970ರ ದಶಕದ ಮೊದಲಲ್ಲಿ ಹೊಟ್ಟೆಯಿಲ್ಲದ, ಕಂಬದಂಥ ವಿದ್ಯುತ್ ಬೇಸ್ ಒಂದನ್ನು ಹಿಡಿದು, ನಾಲ್ಕು ತಂತಿಗೆ ಮೇಲಿನ ಐದನೆಯದೊಂದು ಕೂಡಿಸಿದರು. ಅದಕ್ಕೆ ಪರದೆಗಳಿಲ್ಲ, ಹೀಗಾಗಿ ಮೀಂಡು ಸಲೀಸು. ಸ್ವರ ನಮ್ಮ ವಿಚಿತ್ರ ವೀಣೆಯ ಅಕ್ಕನಂತೆ ಕೇಳುತ್ತದೆ. ನಾರ್ವೆಯ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬಾರೆಕ್ ಅವರ ಮೇಳದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾರಿಸಿದರು. ಪ್ರತಿ ಕಛೇರಿಯಲ್ಲೂ ಒಂದು ಹೊತ್ತು ಉಳಿದವರು ಸುಮ್ಮನಾಗುತ್ತಿದ್ದರು. ವೇಬರ್ ಒಬ್ಬರೇ ಡಿಲೇ ಡಬ್ಬಿಗೆ ಒಂದು ಸಾಲು ಕೊಟ್ಟು ಅದರ ಮೇಲೆ ಬಾರಿಸುತ್ತಿದ್ದರು. 1993ರ "ಪೆಂಡುಲಮ್" ಎಂಬ ರೆಕಾರ್ಡಿನಲ್ಲಂತೂ ಬೇಸ್ ಬಿಟ್ಟು ಬೇರೆ ವಾದ್ಯವೇ ಇಲ್ಲ.

2007ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮುಂದೆ ಬಾರಿಸಲಾಗಲಿಲ್ಲ. ವಾದಕನೊಬ್ಬನ ಕೈ ಹೋಯಿತೆಂದರೆ ಮುಗಿಯಿತು ಅಂತಲೇ ಲೆಕ್ಕ. ಆದರೆ ಆ ಕಛೇರಿಗಳ ಧ್ವನಿಮುದ್ರಣ ಉಳಿದಿತ್ತು. 1990ರಿಂದ 2007ರವರೆಗೆ ಬೇರೆ ಬೇರೆ ಊರುಗಳಲ್ಲಿ ತಾವು ಒಬ್ಬರೇ ಬಾರಿಸಿದ ತುಣುಕುಗಳನ್ನು ತೆಗೆದು, ಅವುಗಳಿಗೆ ಕೀಬೋರ್ಡಿನ ಮೆತ್ತನೆ ಹಾಸಿಗೆ ಹಾಸಿ, ಗಾರ್ಬಾರೆಕ್ ಮತ್ತು ಒಬ್ಬ ಡ್ರಮ್ ವಾದಕರಿಂದ ಕೆಲವು ಕಡೆ ಬಾರಿಸಿಸಿ, 2012ರಲ್ಲಿ "ರೆಜ್ಯುಮೆ" ಅಂತ ಹೊರತಂದರು. ಒಂದೊಂದು ತುಣುಕಿಗೆ ಅದನ್ನು ಬಾರಿಸಿದ ಊರಿನದೇ ಹೆಸರು. 2015ರಲ್ಲಿ "ಎನ್‌ಕೋರ್" ಅಂತ ಇನ್ನೊಂದು.

ರೆಜ್ಯುಮೆ ಕೇಳುವಾಗ ನನ್ನ ಗುಮ್ಮಟದ ಪ್ರಶ್ನೆಗೆ ಉತ್ತರ ಸಿಕ್ಕಿತು. ವೇಬರರ ಡಿಲೇ ಯಾವತ್ತೂ ಅವರಿಗಿಂತ ಮುಂದೆ ನಡೆಯುವುದಿಲ್ಲ. ಒಂದು ಸಾಲು ಹೇಳಿ, ನಿಲ್ಲುತ್ತಾರೆ. ಮಾರ್ದನಿ ಬರುತ್ತದೆ. ಅದನ್ನು ಕೇಳಿಸಿಕೊಂಡು, ಅದಕ್ಕೆ ಉತ್ತರ ಅನ್ನುವಂತೆ ಮುಂದಿನ ಸಾಲು. ಭಜನೆಯಲ್ಲಿ ಮುಂದಿನವರು ಹೇಳಿ ಹಿಂದಿನವರು ಹಿಡಿಯುವ ರೀತಿ. ಮುಖ್ಯವಾಗಿ, ಡಬ್ಬಿಯನ್ನೆಲ್ಲ ಮನಸ್ಸಿನಲ್ಲೇ ತೆಗೆದು ಹಾಕಿದರೂ ಕೆಳಗೆ ಗುನುಗಬಹುದಾದ ಒಂದು ಸಾಲು ನಿಂತಿರುತ್ತದೆ. ಅದು ಗಟ್ಟಿ ಇದ್ದದ್ದರಿಂದಲೇ, ಬೆರಳು ಆಡುವುದು ನಿಂತು ವರ್ಷಗಳಾದ ಮೇಲೆ, ಅದರ ಮೇಲೆ ಮತ್ತೊಂದು ಅಂತಸ್ತು ಕಟ್ಟಲು ಬಂತು. ಉಸುಕಿನ ಮೇಲೆ ಯಾರು ಮಾಳಿಗೆ ಹಾಕುತ್ತಾರೆ? ದೋಷವೂ ಇದೆ. ಆ ಕೀಬೋರ್ಡು ಅಲ್ಲಲ್ಲಿ ಬೆಲ್ಲ ಜಾಸ್ತಿಯಾದ ಹೋಳಿಗೆ. ಒಂದೆರಡು ತುಣುಕು ಕಾವೇರುವ ಹೊತ್ತಿಗೆ ಮುಗಿದು ಹೋಗುತ್ತವೆ, ದೊಡ್ಡ ಕಛೇರಿಯಿಂದ ಕಿತ್ತದ್ದು ಅಂತ ಗೊತ್ತಾಗುತ್ತದೆ. ಇದನ್ನು ಕೇಳುವಾಗ ನನಗೆ ಕೊಲ್ಹಾಪುರದ ದರಬಾರಿನಲ್ಲಿ ಶಾಹೂ ಮಹಾರಾಜರ ಆಶ್ರಯದಲ್ಲಿದ್ದ ಅಲ್ಲಾದಿಯಾ ಖಾನರು ನೆನಪಾದರು. ಒಂದು ಕಾಲಕ್ಕೆ ಅವರ ಕಂಠ ಕೆಟ್ಟುಹೋಯಿತು. ತಿರುಗಿ ಬಂದ ಕಂಠ ಮೊದಲಿನದಾಗಿರಲಿಲ್ಲ, ಅದಕ್ಕೆ ಒಗ್ಗುವಂತೆ ಗಾಯಕಿಯನ್ನೇ ಹೊಸದಾಗಿ ಕಟ್ಟಿದರು. ನಮ್ಮ ಮಲ್ಲಿಕಾರ್ಜುನ ಮನಸೂರರು ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಿಂದ ಕಲಿತದ್ದು ಹಾಗೆ ಕಟ್ಟಿದ ಗಾಯಕಿಯನ್ನೇ.

ಕೊಲ್ಹಾಪುರದ ಹೆಸರು ಬಂತು, ಇನ್ನೊಂದು ಎಳೆ ಹೇಳಿಬಿಡುತ್ತೇನೆ. ಕಿರಾನಾ ಊರಿನಲ್ಲಿ ಹುಟ್ಟಿದ ಅಬ್ದುಲ್ ವಹೀದ್ ಖಾನ್ ಹುಡುಗನಿದ್ದಾಗ ಕೊಲ್ಹಾಪುರಕ್ಕೆ ಬಂದು, ಬಂದೇ ಅಲಿ ಖಾನರ ಶಿಷ್ಯರಾದ ಹೈದರ್ ಬಕ್ಷ್ ಖಾನರಲ್ಲಿ ಕಲಿತರು. ಕಿವಿ ಮಂದ ಇದ್ದದ್ದರಿಂದ ಜನ ಅವರನ್ನು ಬೆಹರೆ ವಹೀದ್ ಖಾನ್ ಅನ್ನುತ್ತಿದ್ದರು. ಆಲಾಪ ಇಷ್ಟು ನಿಧಾನ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಬಿಡಾರ. ಅವರ ಶಿಷ್ಯ ಪಂಡಿತ ಪ್ರಾಣನಾಥ. ಪ್ರಾಣನಾಥರು 1970ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿಯ ಲಾ ಮಾಂಟ್ ಯಂಗ್, ಟೆರಿ ರೈಲಿ ಎಂಬ ಸಂಗೀತಗಾರರು ಶಿಷ್ಯರಾಗಿ ಅವರ ಮುಂದೆ ತಂಬೂರಿ ಹಿಡಿದು ಕೂತರು. ಒಂದೇ ಸ್ವರ ಹಿಡಿದು ತಾಸುಗಟ್ಟಲೆ ನಿಲ್ಲುವ ಸಂಗೀತದಲ್ಲಿ ಯಂಗರ ಹೆಸರು ದೊಡ್ಡದು, ಈನೋ ಸಹಿತ ಅವರ ಋಣದಲ್ಲಿರುವವರೇ.

ಇದನ್ನು ಕೇಳಿ "ಎಲ್ಲಾ ನಮ್ಮಿಂದನ ಹೋಗೇತಿ" ಅಂತ ಮೀಸೆ ತಿರುವಬೇಡಿ. ಯಂಗರು ಪ್ರಾಣನಾಥರನ್ನು ಕಾಣುವ ಎಷ್ಟೋ ಮೊದಲು, 1958ರಲ್ಲೇ, ಉದ್ದುದ್ದ ಸ್ವರದ ರಚನೆ ಮಾಡಿದ್ದರು. ನಾನು ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ. ಖರಜ ಸಾಧನೆಯನ್ನು ನಾವು ಕಸರತ್ತು ಅಂದುಕೊಂಡಿದ್ದೇವೆ, ಬೆಳಗಿನ ಜಾವ ಮುಗಿಸಿ ಮರೆಯುವಂಥದ್ದು. ತಂಬೂರಿಯ ನಾಲ್ಕನೆಯ ತಂತಿಯನ್ನು ಕಛೇರಿಯಲ್ಲಿ ಯಾರೂ ಬೇರೆಯಾಗಿ ಕೇಳುವುದಿಲ್ಲ. ಕರಿ ಒಂದರ ಶ್ರುತಿಗೆ ಕೂಡಿಸಿದರೆ ಆ ಖರಜ ಸೆಕೆಂಡಿಗೆ ಸುಮಾರು 69 ಸಲ ಅದುರುತ್ತದೆ. ಬೇಸಿನ ಕೆಳತಂತಿ ಅದಕ್ಕಿಂತಲೂ ಕೆಳಗೆ. ಹುಡುಗ ಮಾಡಲು ಹೊರಟದ್ದು ಹಿಂದೆ ಕುಂತ ಆ ತಂತಿಯನ್ನು ಮುಂದೆ ಕರೆತರುವ ಕೆಲಸ. ಅದು ಮಾಡತಕ್ಕ ಕೆಲಸವೇ. ಭಜನಿ ಮಂಡಳಿಯವರು ಅಷ್ಟನ್ನಾದರೂ ಒಪ್ಪಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಮೂರನೆಯ ವಾದನಕ್ಕೆ ಕೋಣೆಯಲ್ಲಿ ಉಳಿದವರು ಹದಿನೈದು ಮಂದಿ ಇರಬಹುದು. ಲೂಪರನ್ನು ಮುಟ್ಟಲಿಲ್ಲ. ಕಿರುಬೆರಳಿನಿಂದ ಗಿಟಾರಿನ ಧ್ವನಿ ಪೂರ್ತಿ ಇಳಿಸಿ ಮೀಟುವುದು, ಆಮೇಲೆ ಮೆಲ್ಲಕ್ಕೆ ಏರಿಸುವುದು. ಹೀಗೆ ಮಾಡಿದರೆ ಮೀಟಿದ ಟಕ್ ಅನ್ನುವ ಸಪ್ಪಳ ಕೇಳುವುದಿಲ್ಲ, ಸ್ವರ ಉಸಿರಿನಂತೆ ಎಲ್ಲಿಂದಲೋ ಬಂದು ನಿಲ್ಲುತ್ತದೆ. ಮೂರೇ ಸ್ವರ. ನಡುವೆ ಇಷ್ಟಿಷ್ಟು ಮೌನ, ಹೊರಗೆ ಹಂಚಿನ ಮೇಲೆ ಮಳೆ. ಕೊನೆಗೆ ಕೆಳತಂತಿ ಮೊಳಗುತ್ತಿರುವಾಗಲೇ ಎಡಗೈಯಿಂದ ಬಿರಡೆ ತಿರುವಿ ಸಡಿಲು ಮಾಡುತ್ತ ಹೋದ. ಸ್ವರ ಇಳಿಯಿತು, ಇನ್ನೂ ಇಳಿಯಿತು, ಸ್ವರ ಅನ್ನುವುದು ಹೋಗಿ ಅದುರು ಮಾತ್ರ ಬೆಂಚಿನಲ್ಲಿ ಉಳಿಯಿತು. ಕಿಟಕಿಯ ಗಾಜು ಒಂದು ಸಲ ಸಣ್ಣಗೆ ಝಂ ಅಂದಿತು. ಡಾಲ್ಬಿ ಎದುರು ಇದೇ ಗಾಜು ಬೆದರಿ ಅದುರಿದ್ದನ್ನು ನೋಡಿದ್ದೇನೆ.

ಆ ಹದಿನೈದು ಮಂದಿಯಲ್ಲಿ ಎಲ್ಲಮ್ಮನ ಪದ ಹೇಳುವ ಒಬ್ಬ ಅಜ್ಜಿಯೂ ಇದ್ದಳು. ಚೌಡಕಿ ಬಾರಿಸುವ ಕೈ. ಚೌಡಕಿ ಗೊತ್ತಲ್ಲ: ಒಂದು ಬಾಯಿಗೆ ಚರ್ಮ ಬಿಗಿದ ಕೊಳಗ, ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ. ಕಂಕುಳಲ್ಲಿ ಅವುಚಿ, ಕೈಯಿಂದ ತಂತಿ ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲು ಬಿಟ್ಟರೆ ಗುಂಯ್ ಅಂತ ಇಳಿಯುತ್ತದೆ. ಸವದತ್ತಿ ಗುಡ್ಡಕ್ಕೆ ಹೋಗುವ ನಮ್ಮ ಜನ ಶತಮಾನಗಳಿಂದ ಕೇಳುತ್ತ ಬಂದದ್ದು ಅದು. ಅದನ್ನು ಕೇಳಿ "ಇದೇನು ಸಂಗೀತ" ಅಂತ ಯಾರೂ ಎದ್ದು ಹೋಗಲಿಲ್ಲ. "ಅಜ್ಜಿ, ನೀ ಯಾಕ ಏಳಲಿಲ್ಲ?" ಅಂತ ಕೇಳಿದೆ.

"ತಂತಿ ಎಳಿಯೂದು ಬಿಡೂದು ನನಗ ಗೊತ್ತೈತಿ ಯಪ್ಪಾ" ಅಂದಳು. "ಮೊದಲಿನ ಎರಡರಾಗ ಅವ ಬರೇ ಎಳೀತಿದ್ದ, ಬಿಡಾಕ ಬರತಿರಲಿಲ್ಲ. ಕಡೀಕ ಬಿಟ್ಟ ನೋಡು."

ನಾನು ಇಷ್ಟು ಪುಟ ಬರೆದು ಹೇಳಿದ್ದನ್ನು ಆಕೆ ಅಲ್ಲಿಯೇ ಮುಗಿಸಿದ್ದಳು. ದೀಪಾವಳಿ ರಜೆಯಲ್ಲಿ ಹುಡುಗ ಮತ್ತೊಮ್ಮೆ ಬಾರಿಸುತ್ತೇನೆ ಅಂದಿದ್ದಾನೆ. ಡಬ್ಬಿ ಒಂದಕ್ಕ ಇಳಿಸು ಅಂತ ನಾ ಹೇಳೀನಿ. ಅವ ಎರಡಕ್ಕ ಒಪ್ಯಾನ.